ಮೊದಲ ಭೇಟಿಯಲ್ಲಿ ನೀವು ನನ್ನನ್ನು ಪರೀಕ್ಷಿಸಬೇಕು

(ಚಿಕ್ಕಮಗಳೂರಿನಲ್ಲಿ ಶಿಕ್ಷಕರು, ಪೋಷಕರು ಮತ್ತು ಬೆಳೆಗಾರ ಕುಟುಂಬದವರು ಸೇರಿದ್ದ ಸಭೆಯೊಂದರಲ್ಲಿ ಆಪ್ತಸಮಾಲೋಚಕರೊಬ್ಬರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರೊಬ್ಬರ ಪ್ರಶ್ನೆ ಮತ್ತು ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ನನ್ನ ಬಳಿಗೆ ಬರಬೇಕೆಂದುಕೊಂಡವರು ಮೊದಲ ಬಾರಿ ಫೋನ್ ಮಾಡಿದಾಗ ಕೇಳುವ ಪ್ರಶ್ನೆ ಬಹಳ ಸಲ ಇದು: "ನಿಮ್ಮಲ್ಲಿಗೆ ಹತ್ತುವ ಮೆಟ್ಟಿಲು ಮುಖ್ಯರಸ್ತೆಯ ಕಡೆಗಿದೆಯೋ, ಒಳಗಡೆಗಿದೆಯೋ?" ಅದರ ಬೆನ್ನಿಗೇ ಇನ್ನೊಂದು: "ನಾವು ಬರುವ ಹೊತ್ತಿಗೆ ಅಲ್ಲಿ ಬೇರೆ ಯಾರಾದರೂ ಕೂತಿರುತ್ತಾರೆಯೇ?" ನಿದ್ದೆಯಿಲ್ಲದೆ ತಿಂಗಳುಗಳೇ ಕಳೆದಿರುತ್ತವೆ, ಊಟ ಸೇರುತ್ತಿರುವುದಿಲ್ಲ. ಆದರೂ ಮೊದಲು ಕಾಡುವುದು ಯಾರ ಕಣ್ಣಿಗೆ ಬೀಳುತ್ತೇವೋ ಎಂಬ ಚಿಂತೆ.

ಈ ಪ್ರಶ್ನೆಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನೆಂಟರಲ್ಲದವರು ನೆಂಟರ ನೆಂಟರಾಗಿರುತ್ತಾರೆ. ಕೊಪ್ಪಕ್ಕೆ ಹೆಣ್ಣು ಕೊಟ್ಟಿರುತ್ತೇವೆ, ಮೂಡಿಗೆರೆಯಿಂದ ತಂದಿರುತ್ತೇವೆ. ಕಾಫಿ ಮಾರುವಲ್ಲಿ, ಸಹಕಾರ ಸಂಘದ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಅದೇ ಮುಖಗಳು ಎದುರಾಗುತ್ತವೆ. "ಅವರ ಮಗಳು ಅಲ್ಲಿಗೆ ಹೋಗುತ್ತಿದ್ದಾಳಂತೆ" ಎಂಬ ಒಂದು ಮಾತು ಒಂದು ಸಂಬಂಧವನ್ನು ಮುರಿಯಬಲ್ಲದು. ಬೆಂಗಳೂರಿನವರು ಇದನ್ನು ಸಂಕೋಚ ಎನ್ನಬಹುದು. ಇಲ್ಲಿ ಬದುಕುವವರಿಗೆ ಇದು ಲೆಕ್ಕ ಹಾಕಿಯೇ ಇಡಬೇಕಾದ ಹೆಜ್ಜೆ.

ಈ ಭಯಕ್ಕೆ ನಾವು ತೆರುತ್ತಿರುವ ಬೆಲೆ ದೊಡ್ಡದು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ಅಂಥವರಲ್ಲಿ ತೊಂದರೆಯ ಬಗೆಯನ್ನು ಅವಲಂಬಿಸಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರವಿರುವುದು, ತಜ್ಞರು ಕಡಿಮೆಯಿರುವುದು ಇದಕ್ಕೆ ಕಾರಣಗಳು, ನಿಜ. ಆದರೆ ಹತ್ತಿರದಲ್ಲೇ ನೆರವು ಇದ್ದಾಗಲೂ ಜನ ಬಾಗಿಲವರೆಗೆ ಬಂದು ಹಿಂದಿರುಗುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಂದು ಆ ಒಳಗಿನ ಸಂಗತಿಯನ್ನು ಹೇಳುತ್ತೇನೆ.

ಬಂದವರು ತಾವು ಪರೀಕ್ಷೆಗೆ ಕೂತಿದ್ದೇವೆ ಎಂದುಕೊಂಡಿರುತ್ತಾರೆ. ಇವರು ನಮ್ಮ ಮುಖ ನೋಡಿಯೇ ಎಲ್ಲವನ್ನೂ ಕಂಡುಹಿಡಿಯುತ್ತಾರೆ, ನಮಗೆ ಏನೋ ಹೆಸರು ಇಡುತ್ತಾರೆ ಎಂಬ ಅಳುಕು ಅವರಿಗೆ. ನಾನು ತಿಳಿದಂತೆ ಮೊದಲ ಒಂದೆರಡು ಭೇಟಿಗಳಲ್ಲಿ ಪರೀಕ್ಷೆಗೆ ಕೂತಿರುವವರು ನಾವು, ಸಮಾಲೋಚಕರು. ಈ ಮನುಷ್ಯರನ್ನು ನಂಬಬಹುದೇ, ಇವರಿಗೆ ನನ್ನ ಮಾತು ಅರ್ಥವಾಗುತ್ತಿದೆಯೇ, ಇವರು ನನ್ನನ್ನು ಅಳೆಯುತ್ತಿದ್ದಾರೆಯೇ ಅಥವಾ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೀವು ನೋಡಬೇಕು. ಚಿಕಿತ್ಸೆಯ ಪದ್ಧತಿ ಯಾವುದೇ ಇರಲಿ, ಮೊದಲ ಕೆಲವು ಭೇಟಿಗಳಲ್ಲಿ ಇಬ್ಬರ ನಡುವೆ ಮೂಡುವ ನಂಬಿಕೆಗೂ ಮುಂದೆ ಆಗುವ ಗುಣಕ್ಕೂ ನಂಟಿದೆ ಎಂಬುದನ್ನು ದಶಕಗಳ ಸಂಶೋಧನೆ ಮತ್ತೆ ಮತ್ತೆ ತೋರಿಸಿದೆ. ಹಾಗಾಗಿ ನನ್ನನ್ನು ತೂಗಿ ನೋಡುವುದು ನಿಮ್ಮ ಹಕ್ಕು. ಅದು ಚಿಕಿತ್ಸೆಯ ಮೊದಲ ಕೆಲಸವೂ ಹೌದು.

ತೂಗಿ ನೋಡಲು ಮೊದಲು ಕೇಳಬೇಕಾದದ್ದು ಓದು ಮತ್ತು ತರಬೇತಿಯ ಬಗ್ಗೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದ ವೈದ್ಯರು. ಔಷಧ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರು ಭಾರತೀಯ ಪುನರ್ವಸತಿ ಮಂಡಳಿಯ ಪಟ್ಟಿಯಲ್ಲಿ ಇರಬೇಕು. ನನ್ನಂಥ ಆಪ್ತಸಮಾಲೋಚಕರು ಮನಶ್ಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಸ್ನಾತಕೋತ್ತರ ಪದವಿ ಪಡೆದು, ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಾಗಿ ಬಂದಿರಬೇಕು. "ಬಂದಿರಬೇಕು" ಎಂದು ಒತ್ತಿ ಹೇಳುತ್ತಿದ್ದೇನೆ. ವೈದ್ಯರಿಗೆ ಇರುವಂಥ ಬಿಗಿಯಾದ ನೋಂದಣಿ ವ್ಯವಸ್ಥೆ ಸಮಾಲೋಚಕರಿಗೆ ನಮ್ಮಲ್ಲಿ ಇನ್ನೂ ನೆಲೆಯೂರಿಲ್ಲ. ಕೆಲವೇ ವಾರಗಳ ಕೋರ್ಸ್ ಮಾಡಿ ಫಲಕ ತೂಗುಹಾಕುವವರು ಇದ್ದಾರೆ. ಇದು ನನ್ನನ್ನು ನಿಜವಾಗಿ ಕಂಗೆಡಿಸುವ ಸಂಗತಿ. ಎಲ್ಲಿ ಓದಿದಿರಿ, ಎಂಥ ತೊಂದರೆ ಇರುವವರ ಜೊತೆ ಕೆಲಸ ಮಾಡಿದ್ದೀರಿ, ನಿಮಗೆ ನಿಭಾಯಿಸಲಾಗದ್ದು ಬಂದರೆ ಯಾರ ಬಳಿಗೆ ಕಳುಹಿಸುತ್ತೀರಿ ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಬಳಿ ಎರಡನೆಯ ಬಾರಿ ಹೋಗಬೇಡಿ. ಶುಲ್ಕ ಎಷ್ಟು, ಭೇಟಿಯ ಅವಧಿ ಎಷ್ಟು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ಭೇಟಿ 45ರಿಂದ 50 ನಿಮಿಷ, ವಾರಕ್ಕೊಮ್ಮೆ.

ಇನ್ನು ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಮಾನಸಿಕ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಕಾನೂನು ದೊಡ್ಡದು. ಆದರೆ ಸಣ್ಣ ಊರಿನಲ್ಲಿ ಅದನ್ನು ಪಾಲಿಸುವುದು ಸಣ್ಣ ಸಣ್ಣ ನಡೆಗಳಿಂದ. ಒಬ್ಬರು ಹೊರಟ ಮೇಲೆ ಇನ್ನೊಬ್ಬರು ಬರುವ ಮುನ್ನ ಹದಿನೈದು ನಿಮಿಷ ಖಾಲಿ ಬಿಡುತ್ತೇನೆ, ಇಬ್ಬರೂ ಮೆಟ್ಟಿಲ ಮೇಲೆ ಎದುರಾಗದಿರಲಿ ಎಂದು. ಎಂ.ಜಿ. ರಸ್ತೆಯಲ್ಲಿ, ರತ್ನಗಿರಿ ಬೋರೆಯಲ್ಲಿ ಸಂಜೆ ನಡೆಯುವಾಗ ನೀವು ಸಿಕ್ಕರೆ ನಾನಾಗಿ ಮಾತನಾಡಿಸುವುದಿಲ್ಲ. ನೀವು ನಕ್ಕರೆ ನಗುತ್ತೇನೆ, ನೋಡದ ಹಾಗೆ ಹೋದರೆ ನಾನೂ ಹಾಗೆಯೇ ಹೋಗುತ್ತೇನೆ. ಅದು ಅಹಂಕಾರವಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮೂರಿನಲ್ಲಿ ಮಾತನಾಡಿಸದೆ ಹೋಗುವುದು ಅವಮಾನ. ನನ್ನ ನೆಂಟರನ್ನು, ಗೆಳೆಯರನ್ನು, ಅವರ ಮನೆಯವರನ್ನು ನಾನು ನೋಡುವುದಿಲ್ಲ. ಬೇರೆಯವರ ಹೆಸರು ಕೊಡುತ್ತೇನೆ. ಗಂಡ ಫೋನ್ ಮಾಡಿ "ನನ್ನ ಹೆಂಡತಿ ಏನು ಹೇಳಿದಳು?" ಎಂದು ಕೇಳಿದರೆ, ಆಕೆ ಇಲ್ಲಿಗೆ ಬರುತ್ತಾರೋ ಇಲ್ಲವೋ ಎಂಬುದನ್ನು ಕೂಡ ಹೇಳುವುದಿಲ್ಲ. ಇದರಿಂದ ಕೋಪಗೊಂಡವರಿದ್ದಾರೆ. ಆ ಕೋಪವನ್ನು ತಾಳಿಕೊಳ್ಳುವುದು ನನ್ನ ಕೆಲಸದ ಭಾಗ.

ಗುಟ್ಟಿಗೂ ಮಿತಿಯಿದೆ. ಅದನ್ನು ನೀವು ಬಾಯಿ ತೆರೆಯುವ ಮೊದಲೇ ಹೇಳಬೇಕಾದದ್ದು ನ್ಯಾಯ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಣ್ಣೆದುರಿಗೆ ಕಂಡರೆ ಸುಮ್ಮನಿರಲಾರೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ನ್ಯಾಯಾಲಯ ಆದೇಶಿಸಿದರೆ ಉತ್ತರಿಸಬೇಕಾಗುತ್ತದೆ. "ಏನು ಹೇಳಿದರೂ ಯಾರಿಗೂ ಹೇಳುವುದಿಲ್ಲ" ಎಂದು ಯಾರಾದರೂ ಭರವಸೆ ಕೊಟ್ಟರೆ ಅವರು ಪೂರ್ತಿ ನಿಜ ಹೇಳುತ್ತಿಲ್ಲ.

ಮೊದಲ ಭೇಟಿಯಲ್ಲಿ ಏನು ಕೇಳುತ್ತೇನೆ? ಏನು ತೊಂದರೆ, ಯಾವಾಗಿನಿಂದ, ಈಗಲೇ ಬರಲು ಕಾರಣವೇನು. ನಿದ್ದೆ, ಹಸಿವು, ಕುಡಿತ, ಹಿಂದೆ ಆದ ಕಾಯಿಲೆ, ಈಗ ನುಂಗುತ್ತಿರುವ ಮಾತ್ರೆ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರ ಜೊತೆ ಮಾತು ಬಿಟ್ಟಿದ್ದೀರಿ. ಎಲ್ಲವನ್ನೂ ಅಂದೇ ಹೇಳಬೇಕೆಂದಿಲ್ಲ. "ಇದನ್ನು ಈಗ ಹೇಳಲು ಮನಸ್ಸಿಲ್ಲ" ಎಂಬುದು ಒಳ್ಳೆಯ ಉತ್ತರವೇ. ಅಳು ಬಂದರೆ ಅಳಬಹುದು, ಬಾರದಿದ್ದರೆ ಬರಿಸುವ ಕೆಲಸ ನನ್ನದಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇದು ಯಾವ ಒಬ್ಬರ ಕಥೆಯೂ ಅಲ್ಲ. ಹಲವರ ಬದುಕಿನ ತುಣುಕುಗಳನ್ನು ಸೇರಿಸಿ, ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ. ಐವತ್ತು ದಾಟಿದ ಒಬ್ಬ ಮಹಿಳೆ. ತೋಟದ ನಡುವೆ ಮನೆ. ಮಕ್ಕಳಿಬ್ಬರೂ ದೂರದ ಊರಿನಲ್ಲಿ. ಬಂದವರು ಎದೆಯುರಿಯ ಬಗ್ಗೆ ಮಾತನಾಡಲು ಶುರು ಮಾಡುತ್ತಾರೆ. ಎಂಡೋಸ್ಕೋಪಿ ಆಗಿದೆ, ಇ.ಸಿ.ಜಿ. ಆಗಿದೆ, ವರದಿಗಳ ಚೀಲ ಮಡಿಲಲ್ಲಿದೆ. ಹೊಟ್ಟೆ, ಹುಳಿತೇಗು, ತಲೆಭಾರ. ಅರ್ಧ ಗಂಟೆ ಇದೇ ಮಾತು. ನಾನು ಅವಸರಿಸುವುದಿಲ್ಲ. ನಮ್ಮ ಕಡೆ ದುಃಖ ಹೊಟ್ಟೆಯ ದಾರಿಯಿಂದ, ಬೆನ್ನಿನ ದಾರಿಯಿಂದ ಬರುತ್ತದೆ. ಅದನ್ನು ಸುಳ್ಳು ಕಾಯಿಲೆ ಎನ್ನುವುದು ಕ್ರೌರ್ಯ, ನೋವು ನಿಜವಾಗಿಯೂ ಇರುತ್ತದೆ. ಉರಿ ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಕೇಳಿದಾಗ "ಸಂಜೆ, ಕೆಲಸದವರು ಲೈನ್ ಮನೆಗೆ ಹೋದ ಮೇಲೆ" ಎನ್ನುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳುತ್ತೇನೆ. ಅಲ್ಲಿ ಮಾತು ನಿಲ್ಲುತ್ತದೆ. ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಾರೆ. ನಾನೂ ಸುಮ್ಮನಿರುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಯಜಮಾನರು ಮಾತು ಕಡಿಮೆ ಎಂಬುದೆಲ್ಲ ನಿಧಾನವಾಗಿ ಬರುತ್ತದೆ.

ಈ ಹಂತದಲ್ಲಿ ಹೊಸಬರು ನನ್ನಿಂದ ಬುದ್ಧಿಮಾತು ನಿರೀಕ್ಷಿಸುತ್ತಾರೆ. ಕರೆತಂದವರಂತೂ "ಸ್ವಲ್ಪ ಧೈರ್ಯ ಹೇಳಿ, ನಿಮ್ಮ ಮಾತು ಕೇಳುತ್ತಾರೆ" ಎಂದು ಬಾಗಿಲಲ್ಲೇ ಹೇಳಿ ಹೋಗಿರುತ್ತಾರೆ. ನನ್ನವರೆಗೆ ಬರುವಷ್ಟರಲ್ಲಿ ಆ ವ್ಯಕ್ತಿಗೆ ಅತ್ತಿಗೆ, ಭಾವ, ಪಕ್ಕದ ತೋಟದವರು, ಜೋಯಿಸರು ಎಲ್ಲರೂ ಬುದ್ಧಿ ಹೇಳಿ ಆಗಿದೆ. "ಮನಸ್ಸಿಗೆ ಹಚ್ಚಿಕೊಳ್ಳಬೇಡ", "ನಿನಗೇನು ಕಡಿಮೆ", "ಗಟ್ಟಿಯಾಗಿರು". ಇದರಿಂದ ಗುಣವಾಗುವ ಹಾಗಿದ್ದರೆ ಯಾವಾಗಲೋ ಆಗುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮನುಷ್ಯ ಬದಲಾಗಲು ಎದುರಿಗಿರುವವರಲ್ಲಿ ಏನಿರಬೇಕು ಎಂದು ವಿವರಿಸಿದರು: ಒಳಗೊಂದು ಹೊರಗೊಂದು ಇಲ್ಲದ ನಡತೆ, ಷರತ್ತಿಲ್ಲದ ಆದರ, ಇನ್ನೊಬ್ಬರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು. ಇಷ್ಟೇ ಸಾಕು ಎಂಬ ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಇವು ಇಲ್ಲದೆ ಉಳಿದ ಯಾವ ತಂತ್ರವೂ ನಾಟುವುದಿಲ್ಲ.

ಉಳಿದ ತಂತ್ರಗಳಲ್ಲಿ ನಾನು ಹೆಚ್ಚು ಬಳಸುವುದು ಆರನ್ ಬೆಕ್ ರೂಪಿಸಿದ ದಾರಿಯನ್ನು. 1921ರಲ್ಲಿ ಹುಟ್ಟಿ ನೂರು ವರ್ಷ ಬದುಕಿದ ಈ ಮನೋವೈದ್ಯರು 1960ರ ದಶಕದಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಖಿನ್ನತೆಯಲ್ಲಿರುವವರ ತಲೆಯಲ್ಲಿ ಅವರಿಗೇ ಅರಿವಿಲ್ಲದಂತೆ ಕೆಲವು ಯೋಚನೆಗಳು ತಾವಾಗಿಯೇ ಸುಳಿಯುತ್ತವೆ, ಅವನ್ನು ಅವರು ಪ್ರಶ್ನಿಸದೆ ನಂಬಿಬಿಡುತ್ತಾರೆ. ನಾನು ಹೇಳಿದ ಆ ಮಹಿಳೆ ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಬರೆಯಲು ಶುರು ಮಾಡುತ್ತಾರೆ. ಏನಾಯಿತು: ಮಗ ಫೋನ್ ಎತ್ತಲಿಲ್ಲ. ಆಗ ಬಂದ ಯೋಚನೆ: ನಾನು ಅವನಿಗೆ ಬೇಡವಾದೆ. ಆಮೇಲೆ ಆದದ್ದು: ಎದೆಯುರಿ, ಊಟ ಬಿಟ್ಟು ಮಲಗಿದೆ. ಮರುದಿನ ಏನು ಗೊತ್ತಾಯಿತು: ಅವನಿಗೆ ರಾತ್ರಿಪಾಳಿ ಇತ್ತು, ಬೆಳಿಗ್ಗೆ ಅವನೇ ಮಾಡಿದ. ಹೀಗೆ ಬರೆದದ್ದನ್ನು ಮುಂದಿನ ವಾರ ಇಬ್ಬರೂ ಕೂತು ಓದುತ್ತೇವೆ. ಯೋಚನೆ ತಪ್ಪು ಎಂದು ನಾನು ಹೇಳುವುದಿಲ್ಲ. ಅದಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಅವರೇ ನೋಡುತ್ತಾರೆ. ಜೊತೆಗೆ, ಸಂಜೆ ಐದಕ್ಕೆ ಒಬ್ಬರೇ ಕೂರುವ ಬದಲು ಆ ಹೊತ್ತಿಗೇ ಸ್ವಸಹಾಯ ಸಂಘದ ಲೆಕ್ಕ ಬರೆಯಲು ಪಕ್ಕದ ಮನೆಗೆ ಹೋಗುವುದು ಎಂಬಂಥ ಸಣ್ಣ ಬದಲಾವಣೆಯನ್ನೂ ಗೊತ್ತುಮಾಡಿಕೊಳ್ಳುತ್ತೇವೆ. ಚಿಕಿತ್ಸೆಯ ಬಹುಪಾಲು ನನ್ನ ಕೋಣೆಯ ಹೊರಗೆ, ವಾರದ ಉಳಿದ ದಿನಗಳಲ್ಲಿ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯ ಎಲ್ಲ ಸಂಕಟವೂ ಯೋಚನೆಯ ದೋಷದಿಂದ ಬಂದದ್ದಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ತೋಟವೇ ಒಣಗುತ್ತಿದೆ. ಮೂಡಿಗೆರೆ, ಆಲ್ದೂರಿನ ಸುತ್ತ ಬೆಳಗಿನ ಮಂಜಿನಲ್ಲಿ ಕಾಫಿ ಕೊಯ್ಯಲು ಹೊರಡುವ ಹೆಣ್ಣುಮಗಳಿಗೆ ಆನೆಯ ಭಯ ನಿಜವಾದ ಭಯ. ಬ್ಯಾಂಕಿನ ಸಾಲ ಇರುವವರಿಗೆ ಸಾಲವನ್ನು ಬೇರೆ ದೃಷ್ಟಿಯಿಂದ ನೋಡಿ ಎನ್ನುವುದು ಚಿಕಿತ್ಸೆ ಅಲ್ಲ. ಅಂಥಲ್ಲಿ ಸಮಸ್ಯೆಯನ್ನು ತುಂಡು ತುಂಡಾಗಿ ಬಿಡಿಸಿ ಇಡುತ್ತೇವೆ: ಈ ತಿಂಗಳು ಕಟ್ಟಲೇಬೇಕಾದದ್ದು ಯಾವುದು, ಯಾರ ಬಳಿ ಮಾತನಾಡಬೇಕು, ಮನೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ, ಅವರಿಗೆ ಹೇಗೆ ಹೇಳುವುದು. ಸಾಲಕ್ಕಿಂತ ಹೆಚ್ಚಾಗಿ, ಸಾಲವನ್ನು ಮನೆಯವರಿಂದ ಮುಚ್ಚಿಟ್ಟ ಭಾರ ಜೀವ ಹಿಂಡುವುದನ್ನು ನಾನು ಕಂಡಿದ್ದೇನೆ.

ಆತಂಕದ ವಿಷಯದಲ್ಲಿ ಕೆಲಸ ಇನ್ನೊಂದು ಬಗೆಯದು. ಇದೂ ಬೆಸೆದ ಕಥೆಯೇ. ಒಬ್ಬರು ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಕೈ ಜುಮ್ಮೆಂದು, ಸತ್ತೇಹೋದೆ ಎನಿಸುತ್ತದೆ. ಉಜಿರೆಯಲ್ಲಿ ಇಳಿದು ಆಸ್ಪತ್ರೆಗೆ ಓಡುತ್ತಾರೆ. ಹೃದಯಕ್ಕೆ ಏನೂ ಆಗಿಲ್ಲ. ಅದು ಪ್ಯಾನಿಕ್ ಅಟ್ಯಾಕ್. ಹೆದರಿಕೆಯಲ್ಲಿ ಉಸಿರಾಟ ಜೋರಾಗಿ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಕೈ ಜುಮ್ಮೆನ್ನುವುದು, ತಲೆ ಸುತ್ತುವುದು ಅದರಿಂದ. ಜೀವಕ್ಕೆ ಅಪಾಯವಿಲ್ಲ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಇಳಿಯುತ್ತದೆ. ಆದರೆ ಆ ಮನುಷ್ಯರು ಅಂದಿನಿಂದ ಘಾಟಿ ಬಿಡುತ್ತಾರೆ, ಆಮೇಲೆ ಬಸ್ಸು ಬಿಡುತ್ತಾರೆ, ಕೊನೆಗೆ ಒಬ್ಬರೇ ಮನೆಯಿಂದ ಹೊರಡುವುದನ್ನೇ ಬಿಡುತ್ತಾರೆ. ಮಂಗಳೂರಿನಲ್ಲಿ ಓದುವ ಮಗಳನ್ನು ನೋಡಲು ಹೋಗಲಾಗುವುದಿಲ್ಲ.

ಅವರ ಜೊತೆ ಒಂದು ಪಟ್ಟಿ ಮಾಡುತ್ತೇನೆ. ಮೊದಲು ಬಸ್ ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನಲ್ಲಿ ಕೂತು ಇಳಿಯುವುದು. ನಂತರ ಮೂಡಿಗೆರೆಯವರೆಗೆ ಹೆಂಡತಿಯ ಜೊತೆ, ಆಮೇಲೆ ಒಬ್ಬರೇ. ನಂತರ ಕೊಟ್ಟಿಗೆಹಾರ, ಅಲ್ಲಿ ಇಳಿದು ನೀರುದೋಸೆ ತಿಂದು ಬರುವುದು. ಆಮೇಲೆ ಕಾರಿನಲ್ಲಿ ಘಾಟಿಯ ಮೊದಲ ತಿರುವುಗಳವರೆಗೆ. ಕೊನೆಗೆ ಬಸ್ಸಿನಲ್ಲಿ ಉಜಿರೆ. ಪ್ರತಿ ಹಂತದಲ್ಲೂ ಭಯ ಏರುತ್ತದೆ, ಇಳಿದುಬಿಡೋಣ ಎನಿಸುತ್ತದೆ. ಭಯ ತುದಿಯಲ್ಲಿದ್ದಾಗಲೇ ಇಳಿದುಬಿಟ್ಟರೆ, ಇಳಿದದ್ದರಿಂದ ಬದುಕಿದೆ ಎಂಬ ಪಾಠವನ್ನು ಮೈ ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ. ಕೂತೇ ಇದ್ದರೆ ಭಯ ತಾನಾಗಿ ಇಳಿಯುವುದನ್ನು ಅವರು ಸ್ವತಃ ಕಾಣುತ್ತಾರೆ. ನಾನು ಎಷ್ಟು ಧೈರ್ಯ ಹೇಳಿದರೂ ಆ ಅನುಭವಕ್ಕೆ ಸಮನಲ್ಲ. ಯಾವ ಹಂತಕ್ಕೆ ಯಾವಾಗ ಹೋಗುವುದು ಎಂದು ತೀರ್ಮಾನಿಸುವವರು ಅವರೇ. ಒತ್ತಾಯದಿಂದ ಘಾಟಿ ಹತ್ತಿಸುವುದು ಚಿಕಿತ್ಸೆಯ ಹೆಸರಿನ ಹಿಂಸೆ.

ಔಷಧದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಾನು ಮಾತ್ರೆ ಬರೆಯುವುದಿಲ್ಲ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆಗಳು ಖಿನ್ನತೆಯಂತೆಯೇ ಕಾಣಬಲ್ಲವು, ಹಾಗಾಗಿ ಮೊದಲು ವೈದ್ಯರನ್ನು ಕಂಡು ಬನ್ನಿ ಎಂದು ಹಲವರಿಗೆ ಹೇಳುತ್ತೇನೆ. ಖಿನ್ನತೆ ತೀವ್ರವಾಗಿದ್ದರೆ, ಇಲ್ಲದ ಧ್ವನಿ ಕೇಳುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿಯಾದ ಹುರುಪಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ. ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ ಪ್ರಯೋಜನವಿಲ್ಲ ಎಂದು ಬಿಡಬೇಡಿ, ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂ ಬೇಡಿ. ಹೊರನಾಡಿಗೆ ಹರಕೆ ಹೊತ್ತವರು, ತಾಯತ ಕಟ್ಟಿಸಿಕೊಂಡವರು ನನ್ನಲ್ಲಿಗೆ ಬರುತ್ತಾರೆ. ಅದನ್ನು ಬಿಡಿಸುವ ಉದ್ದೇಶ ನನಗಿಲ್ಲ, ನಂಬಿಕೆ ಕೊಡುವ ಬಲವನ್ನು ಹೀಗಳೆಯುವ ಅಧಿಕಾರವೂ ನನಗಿಲ್ಲ. ಮಾತ್ರೆ ನಿಲ್ಲಿಸಿ ಎಂದೋ, ಹೊಡೆದು ದೆವ್ವ ಬಿಡಿಸುತ್ತೇವೆ ಎಂದೋ ಯಾರಾದರೂ ಹೇಳಿದರೆ ಮಾತ್ರ ಗಟ್ಟಿಯಾಗಿ ಅಡ್ಡ ನಿಲ್ಲುತ್ತೇನೆ.

ಒಂದು ಪ್ರಶ್ನೆಯನ್ನು ಮೊದಲ ದಿನವೇ ಎಲ್ಲರಿಗೂ ಕೇಳುತ್ತೇನೆ: "ಬದುಕೇ ಬೇಡ ಎಂಬ ಯೋಚನೆ ಬಂದಿದೆಯೇ?" ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಪೋಷಕರು, ಶಿಕ್ಷಕರು ಹೆದರುತ್ತಾರೆ. ಹಾಗೆ ಆಗುವುದಿಲ್ಲ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಕೇಳಿದಾಗ ಬಹುತೇಕರಿಗೆ ಎದೆಯ ಬಿಗಿ ಸಡಿಲವಾಗುತ್ತದೆ. ಹೌದು ಎಂದರೆ ಬೈಯುವುದಿಲ್ಲ, ಮಕ್ಕಳ ಮುಖ ನೋಡಿ ಎಂದು ಪಾಪಪ್ರಜ್ಞೆ ತುಂಬುವುದಿಲ್ಲ. ಆ ಯೋಚನೆ ಜೋರಾದಾಗ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇವೆ. ಬಂದವರ ಒಪ್ಪಿಗೆ ಪಡೆದು ಅವರ ಮನೆಯ ಒಬ್ಬರನ್ನು ಸೇರಿಸಿಕೊಂಡು, ತೋಟಕ್ಕೆ ಹೊಡೆಯುವ ಕೀಟನಾಶಕಗಳನ್ನೂ ಪರವಾನಗಿ ಇರುವ ಕೋವಿಯನ್ನೂ ಸದ್ಯಕ್ಕೆ ಮನೆಯಿಂದ ದೂರ, ಬೀಗದೊಳಗೆ ಇಡಿಸುತ್ತೇನೆ. ಸಾಯುವ ತೀವ್ರ ಒತ್ತಡ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು 1990ರ ದಶಕದಿಂದ ಹಂತಹಂತವಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಪೊಲೀಸ್ ಕೇಸಿನ ಭಯದಿಂದ ಬಾಯಿ ಬಿಡದವರಿಗೂ ಒಂದು ಮಾತು: 2017ರ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಎಷ್ಟು ದಿನ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಆತಂಕ, ಮಧ್ಯಮ ಮಟ್ಟದ ಖಿನ್ನತೆಗಳಲ್ಲಿ 8ರಿಂದ 16 ಭೇಟಿಗಳಲ್ಲಿ ಹಲವರಿಗೆ ಗುರುತಿಸಬಹುದಾದ ಬದಲಾವಣೆ ಬರುತ್ತದೆ. ಬಾಲ್ಯದ ಗಾಯ, ಸಾವಿನ ದುಃಖ, ವರ್ಷಗಳ ದಾಂಪತ್ಯದ ಕಹಿ ಹೆಚ್ಚು ಕಾಲ ಕೇಳುತ್ತವೆ. ಎರಡು ಮೂರು ಭೇಟಿಗಳ ನಂತರ ಮೊದಲಿಗಿಂತ ಕೆಟ್ಟದೆನಿಸುವುದು ಉಂಟು, ಮುಚ್ಚಿಟ್ಟದ್ದು ಮೇಲೆ ಬಂದಿರುತ್ತದೆ. ಬರುವುದನ್ನು ನಿಲ್ಲಿಸಿಬಿಡೋಣ ಎನಿಸುವುದು ಆಗಲೇ. ಹಾಗೆನಿಸಿದರೆ ಬಂದು ಅದನ್ನೇ ಹೇಳಿ. ನಾಲ್ಕೈದು ಭೇಟಿಗಳಾದರೂ ಎಳ್ಳಷ್ಟೂ ಪ್ರಯೋಜನ ಕಾಣದಿದ್ದರೆ ಅದನ್ನೂ ಹೇಳಿ. ದಾರಿ ಬದಲಿಸೋಣ, ಇಲ್ಲವೇ ಬೇರೆಯವರ ಬಳಿ ಕಳುಹಿಸುತ್ತೇನೆ. ನನಗೆ ಬೇಸರವಾಗುತ್ತದೆ ಎಂದು ನೀವು ಸುಮ್ಮನೆ ಬರುತ್ತಿರಬೇಕಾಗಿಲ್ಲ. ನನ್ನ ಬೇಸರ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ ಅಲ್ಲ.

ಖಾಸಗಿ ಶುಲ್ಕ ಎಲ್ಲರಿಗೂ ಎಟುಕುವುದಿಲ್ಲ. ತೋಟದ ಕಾರ್ಮಿಕರಿಗೆ ಒಂದು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಬರುವುದೇ ಕಷ್ಟ. ಮಾಲೀಕರು ಆ ದಿನದ ಕೂಲಿ ಕಡಿಯದೆ ಕಳುಹಿಸಿಕೊಟ್ಟರೆ ನಾನು ಮಾಡುವ ಎಷ್ಟೋ ಕೆಲಸಕ್ಕಿಂತ ಅದು ದೊಡ್ಡದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ತನಾಲ್ಕು ಗಂಟೆಯೂ, ಉಚಿತವಾಗಿ, ಕನ್ನಡದಲ್ಲಿ ಮಾತನಾಡಬಹುದು. ಮೆಟ್ಟಿಲು ಯಾವ ಕಡೆಗಿದೆ ಎಂಬ ಚಿಂತೆಯೂ ಅಲ್ಲಿಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: "ಗಂಡ ದಿನವೂ ಕುಡಿಯುತ್ತಾರೆ. ಸಮಾಲೋಚಕರ ಹೆಸರೆತ್ತಿದರೆ ಜಗಳ. ಬರಲು ಒಪ್ಪದವರನ್ನು ಹೇಗೆ ಕರೆತರುವುದು?"

ಸುಳ್ಳು ಹೇಳಿ ಕರೆತರಬೇಡಿ. "ರಕ್ತದೊತ್ತಡ ತೋರಿಸೋಣ" ಎಂದು ಕರೆತಂದು ನನ್ನೆದುರು ಕೂರಿಸಿದರೆ ಆ ಬಾಗಿಲು ಅವರ ಪಾಲಿಗೆ ಬಹುಕಾಲ ಮುಚ್ಚಿಹೋಗುತ್ತದೆ. ಕುಡಿದಿರುವಾಗ ಈ ಮಾತು ಎತ್ತಬೇಡಿ. ಬೆಳಿಗ್ಗೆ ಅವರೇ ಮೈ ಸರಿಯಿಲ್ಲ, ಕೈ ನಡುಗುತ್ತದೆ ಎಂದು ಹೇಳುವ ಹೊತ್ತಿದೆಯಲ್ಲ, ಆಗ ಬೈಗುಳವಿಲ್ಲದೆ ಒಂದೇ ವಾಕ್ಯದಲ್ಲಿ ಹೇಳಿ, ಮುಂದುವರಿಸಬೇಡಿ. ವರ್ಷಗಳಿಂದ ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕಲಸಿಹೋಗಬಹುದು, ಜೀವಕ್ಕೂ ಅಪಾಯವಾಗಬಹುದು. ಹಾಗಾಗಿ ದೇವರ ಮುಂದೆ ಆಣೆ ಮಾಡಿಸಿ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಿಸಲೇಬೇಕು. ಅವರು ಒಪ್ಪುವವರೆಗೆ ನೀವು ಒಬ್ಬರೇ ಬನ್ನಿ. ಹೇಗೆ ಮಾತನಾಡುವುದು, ಯಾವುದಕ್ಕೆ ಹಣ ಕೊಡದಿರುವುದು, ಮಕ್ಕಳನ್ನು ಹೇಗೆ ಕಾಪಾಡುವುದು ಎಂಬುದನ್ನು ಮನೆಯವರೊಂದಿಗೆ ಕೂತು ಯೋಜಿಸಿದಾಗ, ಬರುವುದೇ ಇಲ್ಲ ಎಂದವರು ಕೆಲವು ತಿಂಗಳ ಮೇಲೆ ತಾವಾಗಿ ಬಂದದ್ದಿದೆ. ಕೈ ಎತ್ತುತ್ತಾರೆ ಎಂದಾದರೆ ಇದು ಸಮಾಲೋಚನೆಗೆ ಕಾಯುವ ವಿಷಯವಲ್ಲ. ಮಹಿಳಾ ಸಹಾಯವಾಣಿ 181ಕ್ಕೆ, ಆ ಗಳಿಗೆಯಲ್ಲೇ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಇನ್ನು 14416ಕ್ಕೆ ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರ ಬಳಿಯೋ ಮೊದಲೇ ಕೇಳಿಕೊಂಡು ಹೋಗಿ.